ನಮ್ಮವ್ವಗ ನೆಲದಿಂದ ಏಳೂದು ಕಲಿಸಿದ ಫಿಜಿಯೋಥೆರಪಿ ಸೆಂಟರ್, ಸಪ್ತಾಪುರ, ಧಾರವಾಡ

ಸ್ವಲ್ಪ ಉದ್ದ ಬರಿಯಾಕತ್ತೀನಿ, ಮನ್ಯಾಗ ವಯಸ್ಸಾದವರು ಬಿದ್ದು ಹಾಸಗಿ ಹಿಡದಾರ ಅನ್ನೋರು ಪೂರಾ ಓದ್ರಿ, ಉಳದವರು ಕಡೀಗೆ ರೇಟು ಮತ್ತ ಟೈಮಿಂಗ್ ಬರದೀನಿ ಅದಷ್ಟ ನೋಡ್ರಿ.

ನಮ್ಮವ್ವಗ 72 ವಯಸ್ಸು. ಊರು ರೋಣದ ಕಡೆ, ಅಪ್ಪ ತೀರಿಕೊಂಡ ಮ್ಯಾಲ ಧಾರವಾಡದಾಗ ನನ್ನ ಹತ್ರನ ಇರ್ತಾಳ. ಹೋದ ಶ್ರಾವಣದಾಗ ಒಂದು ಸೋಮವಾರ ಮುಂಜಾನಿ 5ಕ್ಕ ಎದ್ದು ಜಳಕಕ್ಕ ಅಂತ ಬಚ್ಚಲಕ್ಕ ಹೋದಾಕಿ ಫರ್ಸಿ ಮ್ಯಾಲ ಬಿದ್ಲು. ಆವಾಗ ನೀರಿನ ಮೋಟಾರ್ ಚಾಲೂ ಇತ್ತು, ಅಕಿ ಕೂಗಿದ್ದು ನಮಗ ಕೇಳಿಸಿಲ್ಲ, 20 ನಿಮಿಷ ತೊಯ್ದ ಸೀರಿಮ್ಯಾಲನ ತಣ್ಣನ ನೆಲದ ಮ್ಯಾಲ ಬಿದ್ದಿದ್ಲು. ನಾ ಹೋಗಿ ನೋಡಿದಾಗ ಬಲಗಾಲು ಎಡಗಾಲಿಗಿಂತ ಗಿಡ್ಡ ಕಾಣತಿತ್ತು, ಪಾದ ಹೊರಗಿನ ಕಡೆ ತಿರುಗಿತ್ತು. ಚಪ್ಪಿ ಎಲಬು ಮುರದ್ರ ಹಂಗ ಕಾಣ್ತದ, ಅಂಥಾ ಹೊತ್ತಿನ್ಯಾಗ ಎಬ್ಬಿಸಿ ನಿಂದ್ರಸಾಕ ಹೋಗಬಾರದು ಅಂತ ನನಗ ಆಮ್ಯಾಲ ಗೊತ್ತಾತು. ಪುಣ್ಯಕ್ಕ ನಮ್ಮನಿಯವರು 108ಕ್ಕ ಫೋನ್ ಮಾಡಿದ್ರು, ನಾವು ಎತ್ತಾಕ ಹೋಗಲಿಲ್ಲ.

ಮುರದಿದ್ದು ತೊಡಿ ಎಲಬಿನ ಮ್ಯಾಲಿನ ಭಾಗ, ಚಪ್ಪಿ ಕೀಲಿನ ಸ್ವಲ್ಪ ಕೆಳಗ. ಮರುದಿನನ ಆಪರೇಷನ್ ಮಾಡಿ ಒಳಗ ರಾಡ್ ಹಾಕಿದ್ರು, ಪಿಎಫ್‌ಎನ್ ಅಂತಾರ ಅದಕ್ಕ. ಊರಾಗಿನ ಮಂದಿ ಎಲಬು ಕಟ್ಟೋರ ಕಡೆ ಕರಕೊಂಡು ಹೋಗ್ರಿ, ಈ ವಯಸ್ಸಿನ್ಯಾಗ ಕೊಯ್ಯಿಸಬ್ಯಾಡ್ರಿ ಅಂತ ಭಾಳ ಹೇಳಿದ್ರು, ಅಣ್ಣನೂ ಎರಡು ಮನಸ್ಸು ಮಾಡಿದ್ದ, ಆದ್ರ ಈ ಎಲಬಿಗೆ ಕಟ್ಟು ಹಾಕಿದ್ರ ತಿಂಗಳುಗಟ್ಟಲೆ ಮಲಗಬೇಕು, ಮಲಗಿದ್ರ ಎದಿಯಾಗ ಕಫ ಕಟ್ತದ, ಬೆನ್ನಿಗೆ ಹುಣ್ಣಾಗ್ತಾವ, ಕಾಲಾಗ ರಕ್ತ ಹೆಪ್ಪುಗಟ್ಟತದ ಅಂತ ಡಾಕ್ಟರ್ ಬಿಡಿಸಿ ಹೇಳಿದ ಮ್ಯಾಲ ಒಪ್ಪಿದ. ಆಪರೇಷನ್ ಛಲೋ ಆತು. ಮರುದಿನನ ವಾಕರ್ ಹಿಡಿಸಿ ನಿಂದ್ರಸಿದ್ರು, ಐದನೇ ದಿನ ಮನಿಗೆ ಬಂದ್ವಿ.

ತಪ್ಪಾಗಿದ್ದು ಮನಿಗೆ ಬಂದ ಮ್ಯಾಲ. ಪರಿಚಯದವರು ಹೇಳಿದ್ರು ಅಂತ ಬ್ಯಾರೆ ಒಬ್ಬರನ್ನ ಮನಿಗೆ ಬರಾಕ ಹಚ್ಚಿದ್ವಿ. ಅವರ ಹೆಸರು ಇಲ್ಲೆ ಬ್ಯಾಡ. ಎರಡು ವಾರ ಬಂದ್ರು, ದಿನಾ 20 ನಿಮಿಷ, ಕರೆಂಟ್ ಮಷೀನಿನ ಪ್ಯಾಡ್ ತೊಡಿಗೆ ಹಚ್ಚಿ ಮೊಬೈಲ್ ನೋಡಕೋತ ಕುಂದ್ರತಿದ್ರು, ಪ್ಯಾಡ್ ತಗದು ಕಾಲು ನಾಕು ಸಲ ಎತ್ತಿ ಇಳಿಸಿ ಹೋಗತಿದ್ರು. ಒಂದಿನಾನೂ ಅವ್ವನ್ನ ಮಂಚದಿಂದ ಕೆಳಗ ಇಳಿಸಿಲ್ಲ. "ಈಗ ರೆಸ್ಟ್ ಮಾಡ್ಲಿ" ಅಂತಿದ್ರು. ನಾವೂ ರೆಸ್ಟ್ ಅಂದ್ರ ಛಲೋನ ಅಂದ್ಕೊಂಡ್ವಿ, ಅಕಿಗೆ ಊಟಾನೂ ಹಾಸಗಿ ಮ್ಯಾಲನ, ಬೆಡ್‌ಪ್ಯಾನೂ ಹಾಸಗಿ ಮ್ಯಾಲನ. ಹೊಲಿಗಿ ಬಿಚ್ಚಿಸಾಕ ಹೋದಾಗ ನೋಡಿದ್ರ ಬಲಗಾಲಿನ ತೊಡಿ ಕಣ್ಣಿಗೆ ಕಾಣೋವಷ್ಟು ಸಣ್ಣಾಗಿತ್ತು, ಹಿಂಬಡ ಕೆಂಪಾಗಿ ಚರ್ಮ ಮೆತ್ತಗಾಗಿತ್ತು. ವಾಕರ್ ಹಿಡಿಸಿದ್ರ ಎರಡೂ ಕಾಲು ಗಡಗಡ ನಡುಗತಿದ್ವು. ದವಾಖಾನ್ಯಾಗ ಎರಡನೇ ದಿನ ನಿಂತಾಕಿ ಎರಡು ವಾರದ ಮ್ಯಾಲ ನಿಂದ್ರಾಕ ಆಗವಲ್ಲದು. ಡಾಕ್ಟರ್ ನಮಗ ಸಿಟ್ಟಾದ್ರು. ಅಲ್ಲೇ ಒಬ್ಬ ನರ್ಸಕ್ಕ ಈ ಸೆಂಟರ್ ವಿಳಾಸ ಕೊಟ್ಲು.

ಮೊದಲನೇ ದಿನ ಬಂದವರು ಒಬ್ಬ ಸಣ್ಣ ವಯಸ್ಸಿನ ಮೇಡಂ. ಮಷೀನ್ ತಂದಿರಲಿಲ್ಲ, ಒಂದು ಬಿಪಿ ನೋಡೋದು, ಒಂದು ಟೇಪು, ಒಂದು ಅಗಲ ಬೆಲ್ಟು ಅಷ್ಟ. ಬಂದು ಕುಂತಾಕಿನ ಕೇಳಿದ ಮೊದಲ ಮಾತು, "ಅಮ್ಮಾರ, ನೀವು ಯಾಕ ಬಿದ್ರಿ?" ಅಂತ. ಇಷ್ಟು ದಿನದಾಗ ಯಾರೂ ಅದನ್ನ ಕೇಳಿರಲಿಲ್ಲ ನೋಡ್ರಿ, ನಾನೂ ಕೇಳಿರಲಿಲ್ಲ, ಮಳಿಗಾಲ, ಫರ್ಸಿ ಪಾಚಿಗಟ್ಟಿತ್ತು, ಜಾರಿದ್ಲು ಅಂತ ನಾವ ತಿಳಕೊಂಡಿದ್ವಿ. ಅವ್ವ ಆವಾಗ ಹೇಳಿದ್ಲು, "ಜಾರಲಿಲ್ಲವಾ ತಂಗಿ, ಮಂಚದಿಂದ ಎದ್ದು ಹೋಗೂವಾಗನ ಕಣ್ಣಿಗೆ ಕತ್ತಲಿ ಬಂದಂಗ ಆಗಿತ್ತ, ದಿನಾ ಮುಂಜಾನಿ ಹಂಗ ಆಕ್ಕೈತಿ" ಅಂತ. ನನಗ ಹೊಟ್ಟಿಯಾಗ ಕಲಿಸಿದಂಗಾತು, ದಿನಾ ಆಗತಿತ್ತಂತ, ನಮಗ ಒಂದು ಮಾತು ಹೇಳಿರಲಿಲ್ಲ.

ಅವ್ವ ಮಲಗಿದ್ದಾಗ ಮೇಡಂ ಬಿಪಿ ನೋಡಿದ್ರು, ಮ್ಯಾಲಿನದು 138. ಆಮ್ಯಾಲ ವಾಕರ್ ಹಿಡಿಸಿ ನಿಂದ್ರಸಿ, ತಾವು ಬೆಲ್ಟ್ ಹಿಡಕೊಂಡು ನನಗ ಹಿಂದ ಖುರ್ಚಿ ಹಿಡಿಯಾಕ ಹೇಳಿ, ಒಂದು ನಿಮಿಷಕ್ಕ ನೋಡಿದ್ರು, 112. ನಿಂತ ಮೂರು ನಿಮಿಷದ ಒಳಗ ಮ್ಯಾಲಿನ ಬಿಪಿ 20 ಅಥವಾ ಅದಕ್ಕಿಂತ ಹೆಚ್ಚು ಇಳದ್ರ ತಲಿ ತಿರುಗಿ ಬೀಳೋ ಸಂಭವ ಅದ, ಇದನ್ನ ಬರದು ಡಾಕ್ಟರಿಗೆ ತೋರಸ್ರಿ ಅಂತ ಚೀಟಿ ಕೊಟ್ರು. ತೋರಸಿದ್ವಿ. ಅವ್ವ ತಗೋಳೋ ಬಿಪಿ ಗುಳಿಗಿಯೊಳಗ ಮೂತ್ರಾ ಹೆಚ್ಚು ಮಾಡೋ ಔಷಧನೂ ಸೇರಿತ್ತು, ಡಾಕ್ಟರ್ ಅದನ್ನ ಬದಲಿ ಮಾಡಿದ್ರು. ಜೊತಿಗೆ ಮೇಡಂ ಒಂದು ರೂಢಿ ಹಚ್ಚಿದ್ರು, ಎಚ್ಚರಾದ ಕೂಡಲೇ ಏಳಬಾರದು, ಮಲಗಿದಲ್ಲೇ ಪಾದ 20 ಸಲ ಮ್ಯಾಲ ಕೆಳಗ ಮಾಡಬೇಕು, ಮಂಚದ ಅಂಚಿಗೆ ಎರಡು ನಿಮಿಷ ಕುಂದ್ರಬೇಕು, ಒಂದು ಗುಟುಕು ನೀರು ಕುಡದು ಆಮ್ಯಾಲ ನಿಂದ್ರಬೇಕು. ಕತ್ತಲಿ ಬರೋದು ಅವತ್ತಿಂದ ಕಮ್ಮಿ ಆಗಕೋತ ಬಂತು. ನಾ 5ಕ್ಕ 5 ಕೊಡಬೇಕು ಅಂತ ಅನ್ಕೊಂಡಿದ್ದು ಇದೊಂದಕ್ಕ, ಆಮ್ಯಾಲ ನಡಿಸಿದ್ದು ಬಿಡ್ರಿ.

ಎರಡನೇ ಪ್ರಶ್ನಿ, "ನಿಮಗ ಏನು ಮಾಡೋಹಂಗ ಆಗಬೇಕು?" ಅಂತ. ಅವ್ವ ಭಾಳೊತ್ತು ಸುಮ್ನಿದ್ಲು. ಆಮ್ಯಾಲ ಅಂದ್ಲು, "ರಾತ್ರಿ ಬಚ್ಚಲಕ್ಕ ಒಬ್ಬಾಕಿನ ಹೋಗಿ ಬರೂವಂಗ ಆದ್ರ ಸಾಕವಾ. ಮಗಳನ್ನ ಎಬ್ಬಿಸಬೇಕಾಗತೈತಿ, ಪಾಪ ಅಕಿ ಮುಂಜಾನೆದ್ದು ಸಾಲಿಗೆ ಹೋಗಾಕಿ." ಆಮ್ಯಾಲ ತಾನ ತಡದು, "ರೊಟ್ಟಿ ಬಡಿಯಾಕ ಬರಬೇಕ" ಅಂದ್ಲು. ಮೇಡಂ ಎರಡನ್ನೂ ಫೈಲಿನ್ಯಾಗ ಹಂಗನ ಬರಕೊಂಡ್ರು. ಕಡೀತನಕ ಎಲ್ಲಾ ವ್ಯಾಯಾಮನೂ ಇವೆರಡಕ್ಕ ಜೋಡಿಸೇ ಮಾಡಿಸಿದ್ರು, ಸುಮ್ನ ಕಾಲೆತ್ರಿ ಕಾಲಿಳಸ್ರಿ ಅಂತ ಒಂದಿನಾನೂ ಅನಲಿಲ್ಲ, "ಇದು ಬಚ್ಚಲಕ್ಕ ಹೋಗೂದಕ್ಕ, ಇದು ರೊಟ್ಟಿಗೆ" ಅಂತ ಹೇಳಿ ಮಾಡಸ್ತಿದ್ರು.

ಮಷೀನ್ ಬಗ್ಗೆ ನಾನ ಕೇಳಿದೆ. ಅವರು ಹಳೇ ಮಂದಿನ್ನ ಬೈಲಿಲ್ಲ, ಕರೆಂಟ್ ಪ್ಯಾಡಿನಿಂದ ಬ್ಯಾನಿ ಸ್ವಲ್ಪ ಕಮ್ಮಿ ಅನಸಬಹುದು, ಆದ್ರ ಕಾಲಿಗೆ ಶಕ್ತಿ ಬರಬೇಕಂದ್ರ ಕಾಲ ಕೆಲಸಾ ಮಾಡಬೇಕು ಅಂದ್ರು. ಇನ್ನೊಂದು ಮಾತು ಹೇಳಿದ್ರು, ಒಳಗ ರಾಡ್ ಇರೋ ಜಾಗಕ್ಕ ಶಾರ್ಟ್‌ವೇವ್ ಅನ್ನೋ ಕಾವು ಕೊಡೋ ಮಷೀನ್ ಹಚ್ಚಬಾರದು, ಲೋಹ ಕಾದು ಒಳಗಿನ ಮಾಂಸ ಸುಡಬಹುದು ಅಂತ. ಇದು ಎಲ್ಲಾರೂ ಗೊತ್ತಿಟ್ಟುಕೊಳ್ಳೋದು ಛಲೋ. ಮಲಗೋದ್ರ ಬಗ್ಗೆನೂ ಹೇಳಿದ್ರು, 2007ರಾಗ ಅಮೆರಿಕಾದಾಗ ಆರೋಗ್ಯವಾಗಿರೋ ವಯಸ್ಸಾದವರನ್ನ ಬರೇ 10 ದಿನ ಮಲಗಿಸಿ ನೋಡಿದ್ರಂತ, ಕಾಲಿನ ಮಾಂಸಖಂಡ ಹೆಚ್ಚುಕಮ್ಮಿ ಒಂದು ಕಿಲೋ ಕರಗಿತ್ತಂತ. ಆರಾಮ ಇದ್ದವರಿಗೆ ಹಂಗ, ನಮ್ಮವ್ವ ಆಪರೇಷನ್ ಆಗಿ 14 ದಿನ ಮಲಗಿದ್ಲು.

ಮನಿ ನೋಡಾಕ ಅರ್ಧಾ ತಾಸು ತಗೊಂಡ್ರು. ಇದು ನಾ ಬ್ಯಾರೆ ಯಾರೂ ಮಾಡಿದ್ದು ನೋಡಿಲ್ಲ. ಮಂಚ ತಗ್ಗಿತ್ತು, ಕಾಲಿಗೆ ಇಟ್ಟಂಗಿ ಕೊಟ್ಟು ಏರಿಸಿದ್ವಿ, ಕುಂತ್ರ ಮೊಣಕಾಲು ಚಪ್ಪಿಗಿಂತ ಮ್ಯಾಲ ಬರಬಾರದಂತ. ಪಡಸಾಲಿ ಹೊಸ್ತಿಲ ಮುಂದಿನ ಗೋಣಿಚೀಲ ತಗಸಿದ್ರು. ಬಚ್ಚಲದಾಗ ಹಿಡಕೊಳ್ಳಾಕ ಪೈಪ್ ಹಾಕಸ್ರಿ, ಆದ್ರ ಗಾಳಿ ಒತ್ತಿ ಅಂಟಸೋದು ಬ್ಯಾಡ, ಗ್ವಾಡಿಗೆ ಡ್ರಿಲ್ ಹೊಡದು ಸ್ಕ್ರೂ ಹಾಕಿದ್ದ ಬೇಕು, ಅಂಟಿಸಿದ್ದು ಮೈಭಾರ ಬಿದ್ದಾಗ ಕಿತ್ತು ಬರ್ತದ ಅಂದ್ರು. ಮಂಚದಿಂದ ಬಚ್ಚಲತನಕ ರಾತ್ರಿ ಸಣ್ಣ ಲೈಟು. ಹವಾಯಿ ಚಪ್ಪಲಿ ಬಂದ್, ಹಿಂದ ಪಟ್ಟಿ ಇರೋ ರಬ್ಬರಿನ ತಳದ್ದು. ವಾಕರಿನ ಎತ್ತರ ತಪ್ಪಿತ್ತು, ಅವ್ವ ಗೂನಾಗಿ ಹಿಡೀತಿದ್ಲು. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರಿ ಎಲ್ಲಿಗೆ ಬರ್ತದ ಅಲ್ಲಿಗೆ ವಾಕರಿನ ಹಿಡಿಕಿ ಇರಬೇಕು, ಹಿಡದಾಗ ಮೊಣಕೈ ಸ್ವಲ್ಪ ಮಣದಿರಬೇಕು ಅಂತ ಅವರ ನಾಕೂ ಕಾಲಿನ ಗುಂಡಿ ಒತ್ತಿ ಸರಿ ಮಾಡಿದ್ರು.

ಸೀರಿ. ಇದನ್ನ ನಾ ಮರಿಯಂಗಿಲ್ಲ. ಅವ್ವ ಜಲಮದಾಗ ನೈಟಿ ಹಾಕ್ಕೊಂಡಾಕಿ ಅಲ್ಲ, ಒಂಬತ್ತು ಗಜದ ಇಲಕಲ್ ಸೀರಿನ. ವಾಕರ್ ಮುಂದ ಸರಸಿ ಹೆಜ್ಜಿ ಇಡೂವಾಗ ನಿರಿಗಿ ತುದಿ ಪಾದದ ಕೆಳಗ ಸಿಗತಿತ್ತು. ನಾನು ಇನ್ನ ನೈಟಿ ಹಾಕೋ ಅಂತ ಹಟಾ ಮಾಡತಿದ್ದೆ, ಅಕಿ ಅಳತಿದ್ಲು. ಮೇಡಂ ಏನ್ ಮಾಡಿದ್ರಂದ್ರ, ನೆಲಕ್ಕ ಕುಂತು, ಸೀರಿ ಅಂಚನ್ನ ಕಾಲಗಂಟಿನ ಮ್ಯಾಲ ನಾಕು ಬಳ್ಳು ಎತ್ತಿ, "ಅಮ್ಮಾರ, ಹೊಲದಾಗ ಕಳೆ ಕೀಳಾಕ ಹೋಗೂವಾಗ ಹೆಂಗ ಕಟ್ಟತಿದ್ರಿ? ಹಂಗ ಕಟ್ರಿ" ಅಂದ್ರು. ಅವ್ವನ ಮುಖದ ಮ್ಯಾಲ ಮೂರು ವಾರದಾಗ ಮೊದಲನೇ ಸಲ ನಗಿ ಬಂತು. ತಾನ ಕುಂತು ಬಿಗಿ ಮಾಡಿ ಕಟಗೊಂಡ್ಲು.

ವ್ಯಾಯಾಮ ಮೊದಲ ವಾರ ಹಗರ ಇದ್ವು, ಮೊಣಕಾಲ ಕೆಳಗ ಟಾವೆಲ್ ಸುತ್ತಿ ಇಟ್ಟು ಒತ್ತಿ ಐದು ಎಣಸೂದು, ಹಿಂಬಡ ಹಾಸಗಿ ಮ್ಯಾಲ ಜಾರಸಕೋತ ಮೊಣಕಾಲು ಮಡಚೂದು, ಇಂಥಾವು. ಅದರ ಜೊತಿಗೆ ದಿನಾ ಐದಾರು ಸಲ ವಾಕರ್ ಹಿಡದು ಪಡಸಾಲಿತನಕ. ಬ್ಯಾನಿ ಇತ್ತು. ವ್ಯಾಯಾಮಕ್ಕ ಅರ್ಧಾ ತಾಸು ಮೊದಲ ಡಾಕ್ಟರ್ ಬರದ ಬ್ಯಾನಿ ಗುಳಿಗಿ ಕೊಡ್ರಿ, ತಡಕೊಂಡು ಮಲಗಿದ್ರ ಏನೂ ಉಪಯೋಗ ಇಲ್ಲ ಅಂದಿದ್ರು. ಮೀನಖಂಡ ಒಂದ ಕಾಲಿಂದು ಬಾತು ಬಿಸಿ ಆಗಿ ನೋಯಾಕತ್ರ ತಿಕ್ಕಬ್ಯಾಡ್ರಿ, ಸೀದಾ ದವಾಖಾನಿಗೆ ಹೋಗ್ರಿ, ರಕ್ತ ಹೆಪ್ಪುಗಟ್ಟಿರಬಹುದು ಅಂತನೂ ಹೇಳಿದ್ರು. ನಮ್ಮ ಮನ್ಯಾಗ ಏನಾದ್ರೂ ನೋವಂದ್ರ ಮೊದಲ ಎಣ್ಣಿ ಹಚ್ಚಿ ತಿಕ್ಕೂದ ರೂಢಿ, ಅದಕ್ಕ ಹೇಳಿದ್ದು ಛಲೋ ಆತು.

ಪರೀಕ್ಷಾ ಎರಡು ಮಾಡ್ತಾರ. ಒಂದು, ಖುರ್ಚಿಯಿಂದ ಎದ್ದು 3 ಮೀಟರ್ ನಡದು ತಿರಗಿ ಬಂದು ಕುಂದ್ರೂದು, ಗಡಿಯಾರ ಹಿಡದು. 12 ಸೆಕೆಂಡ್ ಅಥವಾ ಹೆಚ್ಚು ಹಿಡದ್ರ ಬೀಳೋ ಅಪಾಯ ಅದ ಅಂತ ಲೆಕ್ಕ. ಅವ್ವಗ ವಾಕರ್ ಮ್ಯಾಲ ಮೊದಲ 48 ಬಂತು, ಆರನೇ ವಾರಕ್ಕ 27, ಈಗ ಬಡಗಿ (ಊರುಗೋಲು) ಹಿಡದು 14. ಇನ್ನೊಂದು, ಕೈ ಎದಿಮ್ಯಾಲ ಕಟಗೊಂಡು 30 ಸೆಕೆಂಡಿನ್ಯಾಗ ಖುರ್ಚಿಯಿಂದ ಎಷ್ಟು ಸಲ ಎದ್ದು ಕುಂದ್ರತಾರ ಅನ್ನೋದು. 70ರಿಂದ 74 ವಯಸ್ಸಿನ ಹೆಣ್ಮಕ್ಕಳಿಗೆ 10ಕ್ಕಿಂತ ಕಮ್ಮಿ ಆದ್ರ ಕಾಲಿನ ಶಕ್ತಿ ಸಾಲದು ಅಂತ. ಅವ್ವಂದು ಮೊದಲ ಸೊನ್ನಿ, ಕೈ ಊರದ ಏಳಾಕ ಬರತಿರಲಿಲ್ಲ. ಆ ಸೊನ್ನಿ ಬರದಿದ್ದು ನೋಡಿ ನನಗ ಕೆಟ್ಟನಿಸ್ತು, ಆದ್ರ ಅವ್ವಗ ಅದ ಹಟಾ ಹಚ್ಚಿತು. ಸಂಜಿಕ ನಾ ಸಾಲಿಯಿಂದ ಬರೋದ್ರಾಗ ಖುರ್ಚಿ ಮ್ಯಾಲ ಎರಡು ದಿಂಬು ಹಾಕಿ ಎತ್ತರ ಮಾಡಕೊಂಡು ಎದ್ದು ಕುಂದ್ರತಿದ್ಲು, ವಾರಕ್ಕೊಮ್ಮೆ ಒಂದೊಂದ ದಿಂಬು ತಗದ್ರು.

ಆರು ವಾರದ ಎಕ್ಸ್‌ರೇ ಛಲೋ ಬಂದ ಮ್ಯಾಲ ಸೆಂಟರಿಗೆ ಹೋಗಾಕ ಚಾಲೂ ಮಾಡಿದ್ವಿ, ವಾರಕ್ಕ ಮೂರು ದಿನ. ನ್ಯೂಜಿಲೆಂಡಿನ ಒಟಾಗೋ ಯುನಿವರ್ಸಿಟಿಯವರು ವಯಸ್ಸಾದವರು ಬೀಳಬಾರದು ಅಂತ ಒಂದು ವ್ಯಾಯಾಮ ಕ್ರಮ ಮಾಡ್ಯಾರಂತ, ಕಾಲಿಗೆ ಸಣ್ಣ ತೂಕ ಕಟಗೊಂಡು ಮಾಡೋವು, ಮತ್ತ ಒಂದು ಪಾದದ ಮುಂದ ಇನ್ನೊಂದು ಪಾದ ಇಟ್ಟು ನಿಂದ್ರೋ ಸಮತೋಲನದವು. ಅದನ್ನ ಕಲಿಸಿದ್ರು. ಬಡಗಿ ಎಡಗೈಯಾಗ ಹಿಡೀಬೇಕು, ಮುರದ ಕಾಲಿನ ಎದುರಿನ ಕೈ. ಪಾವಟಿಗಿ ಏರೂವಾಗ ಛಲೋ ಕಾಲು ಮೊದಲ, ಇಳಿಯೂವಾಗ ಬಡಗಿ ಮತ್ತ ನೋವಿನ ಕಾಲು ಮೊದಲ. ಇದನ್ನ ಅವ್ವ ಎರಡು ದಿನದಾಗ ಕಲತ್ಲು.

ಈಗ ಮುಖ್ಯ ಮಾತು. ಹನ್ನೆರಡನೇ ವಾರದ ಎಕ್ಸ್‌ರೇದಾಗ ಎಲಬು ಕೂಡೇದ ಅಂತ ಡಾಕ್ಟರ್ ಬರದು ಕೊಟ್ಟ ಮ್ಯಾಲ, ಸೆಂಟರಿನ ಸರ್ ಅಂದ್ರು, "ಅಮ್ಮಾರ, ಇವತ್ತ ನೆಲಕ್ಕ ಇಳೀಬೇಕು." ಅವ್ವ ಎದ್ದು ಬಾಗಲಾ ಕಡೆ ಹೊಂಟ್ಲು, ಖರೇನ. ಮೂರು ತಿಂಗಳು ಅಕಿ ನೆಲಾ ಅಂದ್ರ ಹೆದರತಿದ್ಲು, ಬಚ್ಚಲದ ಫರ್ಸಿ ಕಣ್ಣ ಮುಂದ ಬರತದ ಅಂತಿದ್ಲು. ಸರ್ ಒತ್ತಾಯ ಮಾಡಲಿಲ್ಲ. ತಾವ ಗಾದಿ ಮ್ಯಾಲ ಅಂಗಾತ ಮಲಗಿ ಎದ್ದು ತೋರಸಿದ್ರು, ಎರಡು ಸಲ, ನಿಧಾನಕ. ಆಮ್ಯಾಲ ಅವ್ವನ ಹಿಡದು ಇಳಿಸಿದ್ರು, ನಡಕ್ಕ ಬೆಲ್ಟ್, ಮೊಣಕಾಲಿಗೆ ಮೆತ್ತಗ ಇರಲಿ ಅಂತ ಒಂದು ಕೌದಿ ಮಡಚಿ ಹಾಕಿದ್ರು.

ಮೊದಲ ಎಡಕ್ಕ ಹೊಳ್ಳಬೇಕು. ಎಡ ಮೊಣಕೈ ಊರಿ ಅರ್ಧಾ ಏಳಬೇಕು. ಅಲ್ಲಿಂದ ಎರಡೂ ಕೈ ಎರಡೂ ಮೊಣಕಾಲು ಊರಿ ಕೂಸು ಅಂಬೆಗಾಲು ಇಟ್ಟಂಗ. ಅವ್ವ ಅಲ್ಲೇ ನಿಂತ್ಲು. ಕೈ ನಡುಗಾಕತ್ತಿದ್ವು, ಬಳಿ ಗಲಗಲ ಅಂತಿದ್ವು, ಹಣಿ ಬೆವತು ವಿಭೂತಿ ಇಳದಿತ್ತು. ನಾ ಹೋಗಿ ಹಿಡಿಯಾಕ ಮುಂದಾದೆ, ಮೇಡಂ ನನ್ನ ಕೈ ಹಿಡದು ತಡದ್ರು. ಖುರ್ಚಿ ಎರಡು ಮಾರು ದೂರ ಇತ್ತು. ಅವ್ವ ಒಂದು ಕೈ ಮುಂದಿಟ್ಲು, ಆಮ್ಯಾಲ ಮೊಣಕಾಲು, ಮತ್ತ ಕೈ. ಖುರ್ಚಿಗೆ ಮುಟ್ಟಿ ಎರಡೂ ಅಂಗೈ ಅದರ ಮ್ಯಾಲ ಊರಿದ್ಲು. "ಎಡಗಾಲು ಮುಂದ ತಂದು ಪಾದ ಊರ್ರಿ" ಅಂದ್ರು ಸರ್. ಊರಿದ್ಲು. "ಈಗ ಕೈ ಒತ್ತಿ ಏಳ್ರಿ." ಒಂದು ಸಲಕ್ಕ ಆಗಲಿಲ್ಲ. ಎರಡನೇ ಸಲಕ್ಕ "ಯಪ್ಪಾ ಸಿದ್ಧಾರೂಢಾ" ಅಂತ ಒತ್ತಿ ಎದ್ಲು, ತಿರಗಿ ಖುರ್ಚಿ ಮ್ಯಾಲ ಕುಂತ್ಲು. ಸೆಂಟರಿನ್ಯಾಗ ಇದ್ದ ಉಳದ ಪೇಶಂಟ್ ಎಲ್ಲಾರೂ ಚಪ್ಪಾಳಿ ಹೊಡದ್ರು. ಅವ್ವ ಸೆರಗಿನಿಂದ ಮಾರಿ ಒರಿಸಿಕೊಂಡು, "ಇನ್ನೊಮ್ಮೆ ಮಾಡ್ತೀನಿ ತಡಿ" ಅಂದ್ಲು.

ಏಳಾಕ ಆಗದಿದ್ರ ಏನ್ ಮಾಡಬೇಕು ಅದನ್ನೂ ಕಲಿಸ್ಯಾರ. ಕಾಲು ತಿರುಗಿದ್ರ, ಭಾರಾ ಹಾಕಾಕ ಬರದಿದ್ರ ಏಳಾಕ ಹೋಗಬಾರದು, ಕೈಗೆ ಸಿಕ್ಕ ಅರಿಬಿ ಹೊತ್ತಕೊಂಡು ಬೆಚ್ಚಗಿರಬೇಕು, ಬರೇ ಕೂಗಿ ಗಂಟಲ ಒಣಗಿಸಿಕೊಳ್ಳದ ತಂಬಗಿ ತಗೊಂಡು ಫರ್ಸಿಗೆ ಬಡೀಬೇಕು. ಈಗ ನಮ್ಮ ಬಚ್ಚಲದಾಗ ಅಕಿ ಕೈಗೆ ಸಿಗೋವಂಗ ತಗ್ಗಿನಾಗ ಒಂದು ಸ್ಟೀಲ್ ತಂಬಗಿ ಇಟ್ಟೀವಿ.

ಕೊರತಿನೂ ಹೇಳ್ತೀನಿ, ಯಾಕಂದ್ರ ಇವು ಸರಿ ಆಗಬೇಕು ಅಂತ ನನ್ನ ಮನಸ್ಸಿನ್ಯಾಗ ಅದ. ಸೆಂಟರ್ ಮೊದಲನೇ ಮಜಲಿ ಮ್ಯಾಲ ಅದ. ಲಿಫ್ಟ್ ಅದ, ಆದ್ರ ಕರೆಂಟ್ ಹೋದ್ರ ನಡಿಯಂಗಿಲ್ಲ, ಜನರೇಟರ್ ಕನೆಕ್ಷನ್ ಇಲ್ಲ. ಎರಡು ಸಲ ನಾವು ಕೆಳಗ ಆಟೋದಾಗ ಮುಕ್ಕಾಲು ತಾಸು ಕುಂತು ತಿರಗಿ ಬಂದೀವಿ. ಕಾಲು ಮುರದವರು ಬರೋ ಜಾಗಾ ಇದು, ನೆಲಮಜಲಿಗೆ ತರ್ರಿ ಇಲ್ಲಾ ಲಿಫ್ಟಿಗೆ ಬ್ಯಾಕಪ್ ಮಾಡ್ರಿ. ಎರಡನೇದು, ಮನ್ಯಾಗ ಮಾಡೋ ವ್ಯಾಯಾಮದ ಹಾಳಿ ಪೂರಾ ಇಂಗ್ಲಿಷಿನ್ಯಾಗ ಕೊಟ್ರು. ಅವ್ವ ಏಳನೇತ್ತಾತನಕ ಕಲತಾಕಿ, ಕನ್ನಡ ಪೇಪರ್ ದಿನಾ ಓದ್ತಾಳ. ನಾನ ಕುಂತು ಎಲ್ಲಾ ಕನ್ನಡದಾಗ ದೊಡ್ಡ ಅಕ್ಷರದಾಗ ಬರದು ಗ್ವಾಡಿಗೆ ಹಚ್ಚಿದೆ, ಅದರ ಒಂದು ಕಾಪಿ ಸೆಂಟರಿಗೂ ಕೊಟ್ಟೆ. ಈಗ ಬಂದವರಿಗೆ ಅದರದ ಜೆರಾಕ್ಸ್ ಕೊಡಾಕತ್ತಾರ, ನೋಡಿ ಸಂತೋಷಾತು. ಸಂಜಿ 5ರಿಂದ 7 ಭಾಳ ಗದ್ದಲ, ಒಬ್ಬ ಮೇಡಂ ಮೂರು ಮಂದಿನ್ನ ನೋಡಕೋತ ಇರ್ತಾರ, ಆವಾಗ ಅವ್ವಗ ಸಿಗೋ ಲಕ್ಷ್ಯ ಕಮ್ಮಿ ಆಗತಿತ್ತು.

ರೊಕ್ಕ: ಮನಿಗೆ ಬಂದ್ರ ಒಂದು ಸಲಕ್ಕ ₹600, ಸೆಂಟರಿನ್ಯಾಗ ₹350. ನಮಗ ಮೂರು ತಿಂಗಳದಾಗ ಒಟ್ಟ ₹15,600 ಆತು, ಮನಿ ವಿಸಿಟ್ 12, ಸೆಂಟರ್ 24. ಸಣ್ಣ ರೊಕ್ಕ ಅಲ್ಲ, ಅಣ್ಣನೂ ನಾನೂ ಹಂಚಿಕೊಂಡ್ವಿ. ಆದ್ರ ಮನಿ ವಿಸಿಟ್ ಎಷ್ಟು ಬೇಕೋ ಅಷ್ಟಕ್ಕ ಅವರ ನಿಂದ್ರಿಸಿ "ಇನ್ನ ನೀವ ಬರ್ರಿ, ಬರೋ ದಾರಿನೂ ವ್ಯಾಯಾಮನ" ಅಂದ್ರು, ಎಳಕೋತ ಹೋಗಲಿಲ್ಲ. ಬಿದ್ದು ಚಪ್ಪಿ ಮುರದದ ಅಂದ್ರ ಎಲಬು ಸವದಿರತಾವ, ಎಲಬು ಎಷ್ಟು ಗಟ್ಟಿ ಅದಾವ ಅಂತ ನೋಡೋ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ ಬಗ್ಗೆ ಡಾಕ್ಟರಿಗೆ ಕೇಳ್ರಿ ಅಂತನೂ ನೆನಪ ಮಾಡಿದ್ರು. ಕೇಳಿದ್ವಿ, ಅದರ ಔಷಧ ಬ್ಯಾರೆ ಚಾಲೂ ಆಗ್ಯದ.

ಅವ್ವ ಈಗ ರಾತ್ರಿ ಒಬ್ಬಾಕಿನ ಬಚ್ಚಲಕ್ಕ ಹೋಗಿ ಬರ್ತಾಳ, ಬಡಗಿ ಟಕ್ ಟಕ್ ಅನ್ನೋದು ಕೇಳಿ ನಾ ಹೊಳ್ಳಿ ಮಲಗತೀನಿ. ರೊಟ್ಟಿ ನೆಲಕ್ಕ ಕುಂತು ಇನ್ನ ಬ್ಯಾಡ ಅಂದಾರ, ಕಟ್ಟಿ ಮ್ಯಾಲ ಕೊಣಮಿಗಿ ಇಟ್ಟು ಎತ್ತರದ ಸ್ಟೂಲ್ ಮ್ಯಾಲ ಕುಂತು ಬಡೀತಾಳ, ಒಂದು ಹೊತ್ತಿಗೆ ಆರು ರೊಟ್ಟಿ. ಹೋದ ವಾರ ಚಿಗರಿ ಬಸ್ಸಿನ್ಯಾಗ (ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸು) ಹುಬ್ಬಳ್ಳಿಗೆ ಮೌಶಿ ಮನಿಗೂ ಹೋಗಿ ಬಂದ್ವಿ, ಬಸ್ಸಿನ ಎತ್ತರಕ್ಕ ಪ್ಲಾಟ್‌ಫಾರ್ಮ್ ಇರೋದ್ರಿಂದ ಪಾವಟಿಗಿ ಹತ್ತೋ ತ್ರಾಸ ಇಲ್ಲ, ನಡುವಿನ ಸಂದಿ ಮಾತ್ರ ನೋಡಿ ದಾಟಬೇಕು. 30 ಸೆಕೆಂಡಿನ ಪರೀಕ್ಷಾದಾಗ ಮೊನ್ನೆ 9 ಬಂದದ. ಬರೋ ಬುಧವಾರ ಮತ್ತ ಅದ.

ನನ್ನ ಕಡಿಂದ 5ಕ್ಕ 4, ಒಂದು ಲಿಫ್ಟಿಗಾಗಿ ಹಿಡದೀನಿ. ಹೋಗೋರು ಮುಂಜಾನಿ 10ರ ಸ್ಲಾಟ್ ಕೇಳ್ರಿ, ರವಿವಾರ ಬಂದ್. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಈಗ ತಗೋಳೋ ಗುಳಿಗಿ ಚೀಟಿ ಎಲ್ಲಾ ಒಯ್ರಿ. ಹೊಂಡೋಕಿಂತ ಮೊದಲ ಫೋನ್ ಮಾಡಿ ಕರೆಂಟ್ ಅದ ಏನು ಅಂತ ಕೇಳ್ಕೋರಿ.